ಅಪ್ಪನ ಎರಡಿಂಚು

ಬಾಯಿಗಳು, ಗೋಡೆಯ ತುಂಬ ಬಾಯಿಗಳು, ದುಂಡಗೆ ತೆರೆದುಕೊಂಡು ಒಂದರ ಮೇಲೊಂದು ಪೇರಿಸಿಟ್ಟ ಪೈಪುಗಳ ಬಾಯಿಗಳು, ದೊಡ್ಡವು ಕೆಳಗೆ ಸಣ್ಣವು ಮೇಲೆ, ಎಲ್ಲವೂ ಏನೋ ಹೇಳಲು ಹೊರಟು ಅರ್ಧಕ್ಕೆ ನಿಂತ ಹಾಗೆ, ಇಷ್ಟು ಬಾಯಿಗಳ ಎದುರಿಗೆ ತನ್ನದೊಂದೇ ಮುಚ್ಚಿಕೊಂಡಿದೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿ ನಗು ಬಂತು, ಬಂದ ನಗು ಕಾಣಬಾರದೆಂದು ತಲೆ ತಗ್ಗಿಸಿದರೆ ಕೈಯಲ್ಲಿ ಪ್ಲೈವುಡ್ಡಿನ ಚೂರು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಾನೇ ಬರೆದುಕೊಂಡ ಅಳತೆ, ಹೆಬ್ಬೆರಳಿನ ಬೆವರು ತಾಗಿ ಒಂದು ಅಂಕಿ ಮಸುಕಾಗುತ್ತಿದೆ, ಬೆರಳು ಸರಿಸಿದಳು. ಅವಳ ಮುಂದಿದ್ದವರು ನಲ್ಲಿ ಕೊಂಡು ಹೋದರು, ಹಿಂದಿದ್ದವರು ಅವಳನ್ನು ದಾಟಿ ಮುಂದೆ ಹೋಗಿ ಟ್ಯಾಂಕಿನ ಮುಚ್ಚಳ ಕೊಂಡು ಹೋದರು, ಅವಳು ನಿಂತೇ ಇದ್ದಾಳೆ, ಇದೇನು ಹೊಸದಲ್ಲ, ಅಂಗಡಿಗಳಲ್ಲಿ ಅವಳು ಯಾವಾಗಲೂ ಹೀಗೆ ನಿಂತೇ ಇರುತ್ತಾಳೆ, ನಿಂತಷ್ಟು ಹೊತ್ತೂ ನೋಡುತ್ತಾಳೆ, ನೋಡಿದ್ದು ಒಂದೂ ಮರೆಯುವುದಿಲ್ಲ, ನಮ್ಮನೆ ಗೂಬೆ ಇದು, ಕಣ್ಣು ಮಾತ್ರ, ಬಾಯೇ ಇಲ್ಲ ಅಂತಾನೆ ಅಪ್ಪ, ಹೆತ್ತ ಮಗಳಿಗೆ ಗೂಬೆ ಅಂತಾರೇನ್ರೀ ಅಂತಾಳೆ ಅಮ್ಮ — ಏನಮ್ಮಾ, ಎಷ್ಟೊತ್ತಾಯ್ತು ಬಂದು, ನಾನು ಕಂಬ ಅನ್ಕೊಂಡಿದ್ದೆ, ಏನು ಬೇಕು. ಅಂಗಡಿಯವನು ಕನ್ನಡಕವನ್ನು ಹಣೆಗೆ ಏರಿಸಿ ನೋಡುತ್ತಿದ್ದಾನೆ. ನಾಲ್ಕಿಂಚು, ಎಂದಳು. ನಾಲ್ಕಿಂಚು ಅಂದ್ರೆ ಕಕ್ಕಸಿಗೆ, ಎಷ್ಟು ಕಕ್ಕಸು. ಮೂರು, ಎಂದುಬಿಟ್ಟಳು, ಮೂರು ಎನ್ನುವುದು ಮೆಷಿನ್ನುಗಳ ಲೆಕ್ಕ, ಗರಗಸದ ಮೇಜು ಒಂದು, ಮರ ಹೆರೆಯುವ ರಂದದ ಮೆಷಿನ್ನು ಒಂದು, ಮರಳುಕಾಗದದ ಪಟ್ಟಿಯಲ್ಲಿ ಉಜ್ಜುವ ಮೆಷಿನ್ನು ಒಂದು, ಆದರೆ ಅಂಗಡಿಯವನು ಆಗಲೇ ಒಳಕ್ಕೆ ತಿರುಗಿ ಕೂಗಿಯಾಗಿದೆ, ಏ, ಮೂರು ಕಕ್ಕಸಿಗೆ ನಾಲ್ಕಿಂಚು ತೆಗಿ, ದಪ್ಪದ್ದು, ಏನಮ್ಮಾ ನಿಮ್ದು ಮನೇನಾ ಲಾಡ್ಜಾ.

ಕಿವಿ ಬಿಸಿಯಾಯಿತು. ಲಾಡ್ಜೂ ಅಲ್ಲ ಕಕ್ಕಸೂ ಅಲ್ಲ ಎಂದು ಹೇಳಬೇಕಿತ್ತು, ಹೇಳಲು ಎಲ್ಲಿಂದ ಶುರುಮಾಡುವುದು, ಅಪ್ಪನ ಕೆಮ್ಮಿನಿಂದಲೋ, ಡಾಕ್ಟರಿಂದಲೋ, ಹಿತ್ತಲಿನ ತಗಡಿನ ಸೂರಿನಿಂದಲೋ. ಡಾಕ್ಟರು ಎದೆಯ ಫೋಟೋವನ್ನು ಕಿಟಕಿಗೆ ಹಿಡಿದು, ಇಲ್ಲಿ ನೋಡಿ, ಇದು ಮರದ ಧೂಳು, ಇಪ್ಪತ್ತು ವರ್ಷದ್ದು, ಒಂದೋ ಧೂಳು ಮನೆ ಬಿಡಬೇಕು, ಇಲ್ಲ ನೀವು ಕೆಲಸ ಬಿಡಬೇಕು ಎಂದಾಗ ಅಪ್ಪ ಆ ಫೋಟೋವನ್ನು ನೋಡುವುದು ಬಿಟ್ಟು ಕಿಟಕಿಯ ಚೌಕಟ್ಟು ನೋಡುತ್ತಿದ್ದ, ಮೂಲೆ ಜೋಡಣೆ ಸರಿ ಕೂತಿಲ್ಲ, ಯಾರು ಮಾಡಿದ್ದು ಇದು, ಎಂದ. ಅಮ್ಮ ಅಲ್ಲೇ ಕಣ್ಣೊರೆಸಿಕೊಂಡಳು. ಅವತ್ತಿನಿಂದ ಅಪ್ಪ ಕೆಲಸದ ಕೋಣೆಗೆ ಕಾಲಿಟ್ಟಿಲ್ಲ, ಮುಂಬಾಗಿಲ ಬೆಂಚಿನ ಮೇಲೆ ಕೂತು ಕಡ್ಡಿ ಸಿಕ್ಕರೆ ಉಗುರಿನಲ್ಲಿ ಸವರುತ್ತಾನೆ, ಸವರಿ ಸವರಿ ಚೂಪು ಮಾಡಿ ಬಿಸಾಕುತ್ತಾನೆ, ಬೆಂಚಿನ ಕೆಳಗೆ ಚೂಪು ಕಡ್ಡಿಗಳ ಗುಡ್ಡೆ. ಮೆಷಿನ್ ಕೊಳ್ಳುವವನಿಗೆ ಅಮ್ಮ ಹೇಳಿ ಕಳಿಸಿದ್ದಾಳೆ. ಇವತ್ತು ನಾಲ್ಕು ಗಂಟೆಗೆ ಬರ್ತಾನೆ ಅವನು, ನಾಲ್ಕು ಗಂಟೆವರೆಗೆ ಕೋಣೆ ನಿಂದು, ಅದೇನು ಗಾಳಿಗೋಪುರ ಕಟ್ತೀಯೋ ಕಟ್ಟು, ಆಮೇಲೆ ಅವಂದು — ಅಮ್ಮ ಹಾಗೆಂದಾಗ ಅವಳು ಮೇಲೆ ನೋಡಿದಳು, ತಗಡಿನಲ್ಲಿ ಮೊಳೆ ಕಿತ್ತುಹೋದ ತೂತು, ಆ ತೂತಿನಿಂದ ದಿನಾ ನಾಲ್ಕು ಗಂಟೆಗೆ ಓರೆಯಾಗಿ ಇಳಿಯುವ ಬೆಳಕಿನ ಕೋಲು, ಹೆಬ್ಬೆರಳ ಗಾತ್ರ, ಎಷ್ಟು ಗಟ್ಟಿ ಕಾಣುತ್ತದೆಂದರೆ ಹಿಡಿದು ಮುರಿಯಬಹುದು. ಅದರೊಳಗೆ ಧೂಳು ಕುದಿಯುತ್ತಿರುತ್ತದೆ. ದುಡ್ಡು ಕೊಡದೆ ಸಿಗೋ ಮರ ಇದೊಂದೇ ಕಣೆ ಗೂಬೆ, ಅಂತಿದ್ದ ಅಪ್ಪ, ಕೋಲು ಮೇಜಿನ ಕಾಲು ಮುಟ್ಟಿದರೆ ಮೆಷಿನ್ ಬಂದ್, ಟೀ.

ದಪ್ಪದ್ದು ಬೇಡ, ಎಂದಳು. ಧ್ವನಿ ಹೊರಟಿತೋ ಇಲ್ಲವೋ, ಅಂಗಡಿಯವನು ಹಾಂ ಎಂದು ಕಿವಿ ಮುಂದೆ ತಂದ. ತೆಳುವಾದದ್ದು ಸಾಕು, ನೀರಲ್ಲ. ನೀರಲ್ದೆ ಇನ್ನೇನಮ್ಮಾ ಹೋಗುತ್ತೆ ಕಕ್ಕಸಲ್ಲಿ, ಎಂದು ಅವನು ಸುತ್ತ ನೋಡಿದ, ಪಕ್ಕದಲ್ಲಿ ಟೇಪು ಕೊಳ್ಳಲು ನಿಂತಿದ್ದ ಪೇಂಟರು ನಕ್ಕ, ಅವಳು ನಗಲಿಲ್ಲ, ಪ್ಲೈವುಡ್ಡಿನ ಚೂರನ್ನು ತಿರುಗಿಸಿ ಕೌಂಟರಿನ ಮೇಲೆ ಇಟ್ಟಳು, ಈ ಕಡೆ ಕೋಣೆಯ ಚಿತ್ರ, ಗೋಡೆಯಾಚೆ ಹಿತ್ತಲಲ್ಲಿ ಚೀಲ ಕಟ್ಟಿದ ದೊಡ್ಡ ಫ್ಯಾನು, ಬಾಗಿಲು ಹಾಕಿದ ಒಂದು ಕಾರ್ಖಾನೆಯಿಂದ ಅಪ್ಪ ತಂದಿಟ್ಟು ಮೂರು ವರ್ಷವಾಯಿತು, ಎಳೆಯುವ ಫ್ಯಾನು ಇದೆ, ಎಳೆಯುವ ದಾರಿ ಇಲ್ಲ, ಫ್ಯಾನಿನಿಂದ ಗೋಡೆಯುದ್ದಕ್ಕೂ ಒಂದು ಗೆರೆ, ಗೆರೆಗೆ ಮೂರು ಕೊಂಬೆ, ಕೊಂಬೆಗೊಂದು ಮೆಷಿನ್ನು. ಧೂಳು, ಎಂದಳು, ಮರದ ಹೊಟ್ಟು. ಅಂಗಡಿಯವನು ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿದ. ಕಕ್ಕಸಿನ ಪೈಪಲ್ಲಿ ಹೊಟ್ಟಾ. ಗೆರೆಯ ಮೇಲೆ ಬೆರಳಾಡಿಸಿದ. ಹಂಗಾದ್ರೆ ಮೂರಿಂಚು ತಗೋ ತಾಯಿ, ದುಡ್ಡು ಉಳಿಯುತ್ತೆ, ಹೊಟ್ಟು ಹಗುರ, ನಾಲ್ಕಕ್ಕೂ ಮೂರಕ್ಕೂ ಒಂದಿಂಚು ತಾನೇ ವ್ಯತ್ಯಾಸ.

ಒಂದಿಂಚು ತಾನೇ. ಎಂಟನೇ ಕ್ಲಾಸು, ಕಪ್ಪು ಹಲಗೆಯ ಮೇಲೆ ಎರಡು ವೃತ್ತ, ದೊಡ್ಡದು ಚಿಕ್ಕದು, ಹೇಳು, ದೊಡ್ಡದರಲ್ಲಿ ಎಷ್ಟು ಜಾಸ್ತಿ ಹಿಡಿಸುತ್ತೆ, ಮೇಷ್ಟರ ಕೋಲು ವೃತ್ತದಿಂದ ಅವಳ ಕಡೆಗೆ ತಿರುಗಿತು, ಅವಳಿಗೆ ಗೊತ್ತಿತ್ತು, ಗಂಟಲಿನವರೆಗೆ ಬಂದಿತ್ತು, ನಲವತ್ತು ಮುಖಗಳು ತಿರುಗಿದವು, ಬಂದದ್ದು ಹಿಂದಕ್ಕೆ ಹೋಯಿತು, ನಿಂತುಕೋ, ಉತ್ತರ ಬರೋವರೆಗೂ ನಿಂತುಕೋ, ಅವತ್ತು ಬೆಲ್ ಹೊಡೆಯುವವರೆಗೂ ನಿಂತಳು, ಮಾರನೆಯ ದಿನವೂ, ಅದರ ಮಾರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಹಿತ್ತಲ ಬಾಗಿಲಿನಿಂದ ಕೆಲಸದ ಕೋಣೆಗೆ ಬಂದು ಹಲಗೆಗಳ ರಾಶಿಯ ಮೇಲೆ ಕೂತುಬಿಟ್ಟಳು, ಅಪ್ಪ ಯಾಕೆ ಅನ್ನಲಿಲ್ಲ, ಗೂಬೆ, ಆ ಉಳಿ ಕೊಡು ಅಂದ, ಅಷ್ಟೆ. ಮೂರಿಂಚೋ ನಾಲ್ಕಿಂಚೋ ಎಂದು ಹೋದ ವಾರ ಅವಳೇ ಪರೀಕ್ಷೆ ಮಾಡಿ ನೋಡಿದ್ದಾಳೆ, ಎರಡು ಡಬ್ಬಿ, ಒಂದೇ ಎತ್ತರಕ್ಕೆ ಕತ್ತರಿಸಿದ್ದು, ಒಂದರ ಬಾಯಿ ನಾಲ್ಕು, ಇನ್ನೊಂದರದ್ದು ಮೂರು, ನಾಲ್ಕರ ತುಂಬ ಹೊಟ್ಟು ತುಂಬಿ ಮೂರರೊಳಕ್ಕೆ ಸುರಿದಳು, ಮೂರು ತುಂಬಿತು, ಚೆಲ್ಲಿ ಮತ್ತೆ ಸುರಿದರೆ ಮತ್ತೆ ಮುಕ್ಕಾಲು ಡಬ್ಬಿ ತುಂಬಿತು, ಒಂದಿಂಚು ತಾನೇ ಅಂದರೆ ಹೆಚ್ಚುಕಡಿಮೆ ಅರ್ಧ ಗಾಳಿ ಹೋಯಿತೆಂದೇ ಅರ್ಥ, ಮೇಷ್ಟರೇ, ಹೆಚ್ಚುಕಡಿಮೆ ಎರಡರಷ್ಟು ಹಿಡಿಸುತ್ತೆ — ನಾಲ್ಕೇ ಬೇಕು, ಎಂದಳು. ಈ ಸಲ ಕೇಳಿಸಿತು.

ಅಂಗಡಿಯವನು ಸರಿ ತಾಯಿ ನಾಲ್ಕು, ಎಂದು ಕೈ ಚಾಚಿ ಕವಲಿನ ಜೋಡಣೆಗಳನ್ನು ಒಂದೊಂದೇ ಕೌಂಟರಿನ ಮೇಲೆ ಇಡತೊಡಗಿದ, ನೆಟ್ಟಗೆ ಅಡ್ಡಡ್ಡ ಕೂಡುವವು, ಒಂದು, ಎರಡು, ಮೂರು, ಅವಳು ನೋಡುತ್ತಲೇ ಇದ್ದಾಳೆ, ಇವು ಬೇಡ, ಇವು ಬೇಡವೇ ಬೇಡ, ಮನೆಯ ಪಕ್ಕದ ಮೋರಿಯಲ್ಲಿ ನೋಡಿಲ್ಲವೇ, ಎರಡು ನೀರು ಎದುರುಬದುರು ಬಂದು ಡಿಕ್ಕಿ ಹೊಡೆಯುವ ಮೂಲೆಯಲ್ಲೇ ಕಸವೆಲ್ಲ ನಿಲ್ಲುತ್ತದೆ, ಓರೆಯಾಗಿ ಬಂದು ಕೂಡುವ ಕಡೆ ಎಲೆ ಕೂಡ ನಿಲ್ಲುವುದಿಲ್ಲ, ಆದರೆ ಅವನು ನಾಲ್ಕನೆಯದನ್ನೂ ಇಟ್ಟ, ಬಿಲ್ ಪುಸ್ತಕ ತೆರೆದ, ಪೆನ್ನಿನ ಮುಚ್ಚಳ ತೆಗೆದ, ಬರೆದರೆ ಮುಗಿಯಿತು, ಬರೆದ ಮೇಲೆ ಬೇಡವೆನ್ನಲು ಅವಳಿಗೆ ಈ ಜನ್ಮದಲ್ಲಿ ಆಗುವುದಿಲ್ಲ, ಹೋದ ತಿಂಗಳು ಹೀಗೇ ಆಯಿತಲ್ಲ, ಬೇರೆ ಅಂಗಡಿಯಲ್ಲಿ, ಸುಕ್ಕುಸುಕ್ಕಾದ ರಬ್ಬರಿನ ಕೊಳವೆ, ಎತ್ಲಾಗೆ ಬೇಕಾದ್ರೂ ಬಗ್ಗುತ್ತೆ ತಗೊಂಡೋಗು ಅಂದ ಅವನು, ಬೇಡ ಎನ್ನಲಾರದೆ ತಂದಳು, ಬಗ್ಗಿತು, ಬಗ್ಗಿದ ಕಡೆಯಲ್ಲೆಲ್ಲ ಸುಕ್ಕಿನ ತುಂಬ ಹೊಟ್ಟು ಕೂತು ಮೂರೇ ದಿನಕ್ಕೆ ಉಸಿರು ಕಟ್ಟಿಕೊಂಡಿತು, ಅಪ್ಪನ ಹಾಗೆಯೇ, ಅವಳ ಎರಡು ಮಂಚದ ಕೂಲಿ ಹಿತ್ತಲಲ್ಲಿ ಸತ್ತ ಹಾವಿನಂತೆ ಬಿದ್ದಿದೆ, ಅಮ್ಮ ಅದನ್ನು ದಾಟುವಾಗೆಲ್ಲ ಒಮ್ಮೆ ಕಾಲಲ್ಲಿ ಒದ್ದು ಮುಂದೆ ಹೋಗುತ್ತಾಳೆ — ಇದಲ್ಲ, ಎಂದಳು. ಪೆನ್ನು ನಿಂತಿತು. ಇದಲ್ಲ, ಓರೆ ಬೇಕು, ವೈ ಬರುತ್ತಲ್ಲ ಅದು, ಮತ್ತೆ ಮೂಲೇಲಿ ಪೂರ್ತಿ ತಿರುಗೋದು ಬೇಡ, ಅರ್ಧರ್ಧ ತಿರುಗೋದು ಎರಡು ಕೊಡಿ, ಗಾಳಿಗೆ ಎಡವೋ ಹಂಗಿರಬಾರದು. ಇಷ್ಟು ಉದ್ದದ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳು ಒಂದು ಕ್ಷಣ ಪೈಪುಗಳ ಕಡೆ ನೋಡಿದಳು, ಅವುಗಳಲ್ಲೇ ಯಾವುದೋ ಒಂದು ಮಾತಾಡಿತೋ ಏನೋ. ಅಂಗಡಿಯವನು ಪೆನ್ನಿಗೆ ಮುಚ್ಚಳ ಹಾಕಿದ. ಮಾತು ಬರುತ್ತೆ ಅಂತ ಮೊದ್ಲೇ ಹೇಳ್ಬಾರ್ದಾ ತಾಯಿ, ನಾನು ಸುಮ್ನೆ ಅರ್ಧ ಗಂಟೆಯಿಂದ ಕಕ್ಕಸು ಕಟ್ತಿದ್ದೀನಿ.

ಒಮ್ಮೆ ಬಾಯಿ ತೆರೆದರೆ ತೆರೆದದ್ದೇ, ಬಾಗಿಲ ಬಿಜಾಗರಿಗೆ ಎಣ್ಣೆ ಬಿದ್ದ ಹಾಗೆ, ಮುಚ್ಚುವುದರೊಳಗೆ ಇನ್ನೊಂದು ಕೇಳಿಬಿಡಬೇಕು, ಬರುವಾಗಲೇ ನೋಡಿದ್ದಳು, ಅಂಗಡಿಯ ಪಕ್ಕದ ಸಂದಿಯಲ್ಲಿ ಬಿಸಿಲಿಗೆ ಬಿದ್ದಿರುವ ಪೈಪುಗಳು, ಮೇಲುಮೈ ಹಳದಿ ತಿರುಗಿ ಕೆಳಮೈ ಬೆಳ್ಳಗೇ ಉಳಿದವು, ಮಗ್ಗುಲು ಬದಲಿಸದೆ ಮಲಗಿದ ಮನುಷ್ಯರ ಹಾಗೆ, ಆಚೆ ಬಿದ್ದಿರೋದು ಎಷ್ಟಕ್ಕೆ ಕೊಡ್ತೀರಿ. ಅದಾ, ಅದು ಬಣ್ಣ ಕೆಟ್ಟಿದೆಯಲ್ಲ, ಮನೆ ಕಟ್ಟೋರು ಯಾರೂ ಮುಟ್ಟಲ್ಲ ಅದನ್ನ, ಗೋಡೆ ಮೇಲೆ ಚೆನ್ನಾಗಿ ಕಾಣಲ್ಲ ಅಂತಾರೆ. ಧೂಳಿಗೆ ಬಣ್ಣ ಕಾಣಲ್ಲ, ಎಂದಳು. ಪೇಂಟರು ಈ ಸಲ ಜೋರಾಗಿ ನಕ್ಕ, ಕೊಡಿ ಯಜಮಾನ್ರೇ, ಬೇಕಾದ್ರೆ ಬಣ್ಣ ನಾನು ಹೊಡ್ಕೊಡ್ತೀನಿ. ಅಂಗಡಿಯವನು ತಲೆ ಕೆರೆದುಕೊಂಡ, ಅರ್ಧಕ್ಕೆ ಅರ್ಧ ತಗೊಂಡೋಗು, ಜಾಗವಾದ್ರೂ ಆಗುತ್ತೆ ಎಂದ, ಅರ್ಧಕ್ಕೆ ಅರ್ಧ. ನಿನ್ನೆ ಆ ತಗಡಿನ ಕೊಳವೆಗಳ ದೊಡ್ಡ ಅಂಗಡಿಯಲ್ಲಿ ಹೇಳಿದ ಬೆಲೆ ನೆನಪಾಯಿತು, ಆ ದುಡ್ಡಿಗೆ ಮೂರೂ ಮೆಷಿನ್ನು ಬಂದು ಮೇಲೆ ಟೀಗೂ ಉಳಿಯುತ್ತಿತ್ತು, ಅಲ್ಲಿ ಒಂದು ಚಂದದ ವಸ್ತು ಮಾತ್ರ ಎತ್ತಿ ನೋಡಿದ್ದಳು, ಎರಡು ತಗಡಿನ ಮಧ್ಯೆ ಒಂದು ತಗಡು ಜಾರುತ್ತದೆ, ಎಳೆದರೆ ಗಾಳಿಯ ದಾರಿ ತೆರೆಯುತ್ತದೆ, ದೂಡಿದರೆ ಮುಚ್ಚುತ್ತದೆ, ಕೊಂಬೆಗೊಂದು ಹಾಕಬೇಕು ಅದನ್ನು, ಇಲ್ಲದಿದ್ದರೆ ಒಂದೇ ಫ್ಯಾನಿನ ಉಸಿರು ಮೂರು ಬಾಯಿಗೆ ಹಂಚಿಹೋಗಿ ಯಾವುದಕ್ಕೂ ಸಾಲುವುದಿಲ್ಲ, ಬೆಲೆ ಕೇಳಿ ಮೆಲ್ಲಗೆ ಇದ್ದಲ್ಲೇ ಇಟ್ಟು ಬಂದಳು, ಹಳೇ ಬಟ್ಟೆ ತುರುಕಿದರಾಯಿತು. ಅಳತೆ ಹೇಳು ತಾಯಿ, ಕೊಯ್ದು ಕೊಡ್ತಾನೆ ನಮ್ಮೋನು, ಕೊಯ್ಯೋಕೆ ದುಡ್ಡಿಲ್ಲ — ಉದ್ದದ ಪೈಪು ಹಾಗೇ ಇರಲಿ, ಇಳಿಯುವ ಕೊಂಬೆಗಳು ಮಾತ್ರ ಮೂರು, ಅವಳು ಚೂರನ್ನು ತಿರುಗಿಸಿದಳು, ಓದಿದಳು, ಓದುತ್ತಲೇ ಒಂದೊಂದರಿಂದ ಎರಡೆರಡು ಇಂಚು ಕಳೆದು ಹೇಳಿದಳು, ಮನೆಯಲ್ಲಿ ಅದು ಉಸಿರಾಡಿದಷ್ಟು ಸಲೀಸು, ಅಪ್ಪನ ಟೇಪಿನ ತುದಿ ಎಂದೋ ಮುರಿದುಹೋಗಿದೆ, ಮೊದಲ ಎರಡು ಇಂಚೇ ಇಲ್ಲ, ಎರಡಿಂಚಿಗೆ ಹೊಸ ಟೇಪಾ ಅಂತಾನೆ, ಅದಕ್ಕೇ ಕೋಣೆಯಲ್ಲೊಂದು ಕಾನೂನು, ಕೂಗುವವರು ಟೇಪಿನಲ್ಲಿ ಇದ್ದದ್ದನ್ನೇ ಕೂಗಬೇಕು, ಕೊಯ್ಯುವವರು ಅಪ್ಪನ ಎರಡಿಂಚು ಕಳೆಯಬೇಕು.

ಗೂಡ್ಸ್ ಆಟೋ ಗಾಡಿಯ ಹಿಂದೆ ಪೈಪುಗಳ ಜೊತೆ ಕೂತು ಬರುವಾಗ ಗಾಳಿ ಅವುಗಳ ಬಾಯಿಗೆ ಬಡಿದು ಊ ಎನ್ನುತ್ತಿತ್ತು, ಪ್ರತಿ ತಿರುವಿನಲ್ಲೂ ಬೇರೆ ಬೇರೆ ಊ, ಅವಳೂ ಸಣ್ಣಗೆ ಊ ಎಂದಳು, ಯಾರಿಗೂ ಕೇಳಿಸುವುದಿಲ್ಲ, ಸೈಕಲ್ ಅಂಗಡಿ ಹೋಯಿತು, ಇಸ್ತ್ರಿ ಅಂಗಡಿ ಹೋಯಿತು, ಅವಳ ಸ್ಕೂಲಿನ ಗೋಡೆ ಹೋಯಿತು, ಗೋಡೆಯ ಮೇಲೆ ಹೊಸ ಬಣ್ಣ. ಹನ್ನೊಂದು ಗಂಟೆಗೆ ಮನೆ. ಬೆಂಚಿನ ಮೇಲಿಂದ ಅಪ್ಪ ಪೈಪುಗಳನ್ನು ಎಣಿಸುವವನಂತೆ ನೋಡಿದ, ಹಳದಿ ಮೈ ನೋಡಿದ, ಕಾಮಾಲೆ ಆಗಿರೋ ಪೈಪು ತಂದಿದ್ದೀಯಲ್ಲೇ ಗೂಬೆ, ನಂಗೆ ಜೊತೆಗಾಯ್ತು, ಎಂದ, ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಬಗ್ಗಿಸಿತು, ಬೆಂಚಿನ ಅಂಚು ಹಿಡಿದ ಬೆರಳುಗಳು ಬಿಳುಚಿದವು, ಅಮ್ಮ ಒಳಗಿನಿಂದ ಬಿಸಿನೀರು ತಂದಳು, ಪೈಪು ನೋಡಿದಳು, ಕಾಲಲ್ಲಿ ಒದೆಯಲಿಲ್ಲ, ಅದೇ ದೊಡ್ಡದು.

ಉದ್ದದ ಪೈಪು ಗೋಡೆಗೆ ಕೂತಿತು, ನೇರವಾಗಿ, ಹಳದಿ ಮೈ ಗೋಡೆಯ ಕಡೆಗೆ, ಓರೆ ಕವಲುಗಳು ಕೂತವು, ಅರ್ಧರ್ಧ ತಿರುವು ಕೂತವು, ಕೆಳಗೆ ಮೆಷಿನ್ನುಗಳಿಗೆ ಅವಳು ಮೊದಲೇ ಮಾಡಿಟ್ಟ ಹಲಗೆಯ ಬಾಯಿಗಳು ಕಾಯುತ್ತಿವೆ, ಇನ್ನು ಮೂರು ತುಂಡು ಅಷ್ಟೆ, ಮೊದಲನೆಯದನ್ನು ಕವಲಿಗೆ ತುರುಕಿ ಕೆಳಕ್ಕೆ ಬಿಟ್ಟರೆ — ಮುಟ್ಟಲಿಲ್ಲ. ಎರಡು ಬೆರಳು ಅಂತರ. ಮೇಲಿನಿಂದ ಎಳೆದರೆ ಕೆಳಗೆ ಬಿಡುತ್ತದೆ, ಕೆಳಗೆ ಕೂರಿಸಿದರೆ ಮೇಲೆ ಬಿಡುತ್ತದೆ, ಎರಡನೆಯದು, ಎರಡು ಬೆರಳು, ಮೂರನೆಯದು, ಅದೇ, ಅದೇ ಎರಡು ಬೆರಳು, ಕೊಯ್ದವನು ತಪ್ಪಿದನೇ, ತುಂಡನ್ನು ಅಳೆದಳು, ತಾನು ಹೇಳಿದಷ್ಟೇ ಇದೆ ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ, ಹಾಗಾದರೆ ಕೋಣೆಯೇ ಬೆಳೆಯಿತೇ ರಾತ್ರಿ ಕಳೆದು ಬೆಳಗಾಗುವುದರಲ್ಲಿ, ನಿನ್ನೆ ಮಧ್ಯಾಹ್ನ ಅಳತೆ ಹಿಡಿದವರು ಯಾರು, ಸ್ಟೂಲಿನ ಮೇಲೆ ನಿಂತು ಟೇಪು ನೋಡಿ ಕೂಗಿದವಳು — ಅಮ್ಮಾ. ಅಮ್ಮ ಬಾಗಿಲಿಗೆ ಬಂದಳು. ನಿನ್ನೆ ಟೇಪಲ್ಲಿ ಇದ್ದದ್ದನ್ನೇ ಕೂಗಿದೆಯಾ ನೀನು. ಅಯ್ಯೋ, ಇದ್ದದ್ದನ್ನೇ ಕೂಗೋಕೆ ನಂಗೇನು ಬುದ್ಧಿ ಇಲ್ವಾ, ಎರಡು ಕಳೆದೇ ಕೂಗಿದ್ದು, ನಿಮ್ಮಪ್ಪನ ಟೇಪಿನ ಕಥೆ ನಂಗೊತ್ತಿಲ್ವೇನೇ, ಇಪ್ಪತ್ತೈದು ವರ್ಷ ಆ ಟೇಪಿನ ಪಕ್ಕದಲ್ಲೇ ಮಲಗಿದ್ದೀನಿ, ಜೇಬಿಂದ ತೆಗೆದಿಟ್ಟು ಮಲಗೋ ಮನುಷ್ಯನಾ ಅವರು. ಅವಳು ಅಮ್ಮನನ್ನೇ ನೋಡಿದಳು. ಅಮ್ಮನೂ ಕಳೆದಳು, ನಾನೂ ಕಳೆದೆ. ಅಮ್ಮನಿಗೆ ತಡವಾಗಿ ಹೊಳೆಯಿತು, ಕೈ ಬಾಯಿಗೆ ಹೋಯಿತು, ಮುಂಬಾಗಿಲ ಕಡೆಯಿಂದ ಅಪ್ಪನ ಧ್ವನಿ, ಕೂಗೋರು ಕಳೀಬಾರದು ಅಂತ ಕೋಣೇಲಿ ಕಾನೂನಿದೆ ಕಣೇ, ಕಾನೂನು ಗೊತ್ತಿಲ್ದೋರ್ನ ಯಾಕೆ ಸ್ಟೂಲ್ ಹತ್ತಿಸಿದೆ ಗೂಬೆ. ನೀವು ಸುಮ್ನಿರಿ, ಎಂದಳು ಅಮ್ಮ, ಹೊಸ ಟೇಪು ತಗೊಳ್ಳೋಕೆ ಯೋಗ್ಯತೆ ಇಲ್ಲ, ಕಾನೂನು ಬೇರೆ — ಆದರೆ ಅಮ್ಮನ ಕಣ್ಣು ಆ ಮೂರು ಸಂದುಗಳನ್ನೇ ನೋಡುತ್ತಿತ್ತು, ಒಂದಾದ ಮೇಲೊಂದು, ತಾನೇ ಕೆಡಿಸಿದ ಅಡುಗೆಯನ್ನು ನೋಡುವ ಹಾಗೆ, ಮೆಷಿನ್ ಕೊಳ್ಳುವವನನ್ನು ಕರೆಸಿದ ಅಮ್ಮ, ಕರೆಸಿದ ಮೇಲೂ ಸ್ಟೂಲು ಹತ್ತಿ, ತಪ್ಪಬಾರದೆಂದು, ಯಾರಿಗೂ ಹೇಳದೆ ಎರಡು ಕಳೆದ ಅಮ್ಮ.

ಮತ್ತೆ ಅಂಗಡಿಗೆ ಹೋಗಲು ಕೈಯಲ್ಲಿ ಏನೂ ಉಳಿದಿಲ್ಲ, ಹೊತ್ತೂ ಇಲ್ಲ, ಅವಳು ಹಲಗೆಗಳ ರಾಶಿಯ ಮೇಲೆ ಕೂತಳು, ಎಂಟನೇ ಕ್ಲಾಸಿನಲ್ಲಿ ಕೂತ ಜಾಗ, ಕಣ್ಣು ಸಂದಿನ ಮೇಲೆ, ಎರಡಿಂಚು, ಬಟ್ಟೆ ಸುತ್ತಿದರೆ ಫ್ಯಾನು ಎಳೆದುಕೊಳ್ಳುತ್ತದೆ, ಟೇಪು ಸುತ್ತಿದರೆ ಕುಗ್ಗುತ್ತದೆ, ಎರಡಿಂಚು, ಹೆಚ್ಚಾದ್ರೆ ಉಳಿಗೆ ಹೇಳು, ಕಮ್ಮಿಯಾದ್ರೆ ಮರಕ್ಕೆ ಹೇಳು ಅಂದಿದ್ದ ಅಪ್ಪ, ಅವಳು ಮೊದಲ ಸಲ ಸ್ಟೂಲಿನ ಕಾಲು ಗಿಡ್ಡ ಕೊಯ್ದು ಅಳುತ್ತಾ ಕೂತಾಗ, ಮರಕ್ಕೆ ಹೇಳು, ಮರ ಕೇಳಿಸ್ಕೊಳ್ಳುತ್ತೆ, ನಿನ್ನ ಹಾಗೆ ಅದೂ ಮಾತಾಡಲ್ಲ. ಎರಡಿಂಚು ದಪ್ಪದ ಮರ, ಮಧ್ಯದಲ್ಲಿ ದುಂಡು ತೂತು, ಪೈಪಿನ ಮೂತಿ ಎರಡೂ ಕಡೆಯಿಂದ ಅದರಲ್ಲಿ ಕಚ್ಚಿ ಕೂರುವ ಹಾಗೆ — ಒಂದೇ ಮರ ಯಾಕೆ, ಮೂರು ಪದರ, ಆಚೆಗೊಂದು ಈಚೆಗೊಂದು ಹಲಗೆ, ಮಧ್ಯದ್ದು — ಮಧ್ಯದ್ದು ಜಾರಲಿ. ಅವಳು ಎದ್ದು ನಿಂತಳು. ತಗಡಿನ ಅಂಗಡಿಯಲ್ಲಿ ಎತ್ತಿ ನೋಡಿ ಇಟ್ಟು ಬಂದದ್ದು, ಎಳೆದರೆ ತೆರೆಯುವುದು ದೂಡಿದರೆ ಮುಚ್ಚುವುದು, ಅದು ಕೂರಲು ಎಷ್ಟು ಜಾಗ ಬೇಕೋ ಅಷ್ಟೇ ಜಾಗ, ಮೂರೂ ಕಡೆ, ಸರಿಯಾಗಿ ಇದ್ದಿದ್ದರೆ ಈಗ ಪೈಪು ಕೊಯ್ಯಬೇಕಾಗಿತ್ತು, ತಪ್ಪಿ ಆಗಲೇ ಕೊಯ್ದಾಗಿದೆ. ಮಂಚದ ತಲೆಹಲಗೆಯಿಂದ ಉಳಿದ ಚೂರುಗಳು, ಕಪಾಟಿನ ಬೆನ್ನಿನ ಚೂರುಗಳು, ಬಿಸಾಕಬೇಡ ಗೂಬೆ ಯಾವುದಕ್ಕಾದ್ರೂ ಬರುತ್ತೆ, ಬಂತು ನೋಡು ಅಪ್ಪಾ, ಕಂಪಾಸಿನಲ್ಲಿ ವೃತ್ತ ಎಳೆದಳು, ನಾಲ್ಕಿಂಚಿನದು, ಗೆರೆಯ ಒಳಮಗ್ಗುಲಿಗೆ ಒಂದು ತೂತು ಕೊರೆದು ಸಣ್ಣ ಗರಗಸ ಇಳಿಸಿದಳು, ಗೆರೆ ತಿನ್ನದೆ, ಗೆರೆ ಬಿಡದೆ, ವೃತ್ತ ಸುತ್ತಿ ಬಂದು ಹೊರಟಲ್ಲಿಗೇ ಸೇರಿ ದುಂಡು ಚಕ್ಕೆ ಟಕ್ಕೆಂದು ಕೆಳಗೆ ಬಿತ್ತು, ಆರು ವೃತ್ತ, ಆರು ಚಕ್ಕೆ, ಅಮ್ಮ ಯಾವಾಗ ಒಳಗೆ ಬಂದಳೋ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಲಗೆಯ ಇನ್ನೊಂದು ತುದಿ ಹಿಡಿದು ಕೂತಿದ್ದಾಳೆ, ಅಲ್ಲಾಡಿಸಬೇಡ ಅಮ್ಮಾ, ನಾನೆಲ್ಲಿ ಅಲ್ಲಾಡಿಸ್ತಿದ್ದೀನಿ, ನೀನೇ, ಜಾರುವ ಹಲಗೆಯ ಅಂಚಿಗೆ ಮೇಣದ ಬತ್ತಿ ಉಜ್ಜಿದಳು, ಒಂದು ಸಲ, ಎರಡು ಸಲ, ಸೊಯ್ಯೆಂದು ಜಾರಿತು, ಅಮ್ಮ ಅದನ್ನು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು, ಚೆನ್ನಾಗಿದೆಯಲ್ಲೇ ಇದು, ಎಂದಳು, ಮಗು ಆಟದ ಸಾಮಾನು ಹಿಡಿದ ಹಾಗೆ.

ಮೂರೂವರೆಗೆ ಮೂರೂ ಕೂತವು. ಕೆಳಗೆ ಪೈಪು, ನಡುವೆ ಮರ, ಮೇಲೆ ಪೈಪು, ಮೊಣಕಾಲಿಗೆ ಚಿಪ್ಪು ಇರುವ ಹಾಗೆ. ಗೇಟಿನ ಸದ್ದು, ಅವನು ಮುಂಚೆಯೇ ಬಂದುಬಿಟ್ಟ, ಮೆಷಿನ್ ಕೊಳ್ಳುವವನು, ಜೇಬಿನಲ್ಲಿ ಟಾರ್ಚು, ಚಪ್ಪಲಿ ಕಳಚದೆ ಒಳಗೆ ಬಂದು ಗರಗಸದ ಮೇಜಿನ ಮೇಲೆ ಬೆರಳೆಳೆದು ಧೂಳು ನೋಡಿಕೊಂಡ, ಬೇರಿಂಗ್ ಹೋಗಿದೆ ಅನ್ಸುತ್ತೆ, ಎಂದ, ಹಾಕದೆ, ತಿರುಗಿಸದೆ, ಹೋಗಿದೆ ಅನ್ಸುತ್ತೆ, ನಲವತ್ತು ಮುಖ, ಕೋಲು, ನಿಂತುಕೋ — ಬೇರಿಂಗ್ ಹೋಗಿಲ್ಲ, ಎಂದಳು. ನೋಡಿ ಬೇಕಾದ್ರೆ. ಗೋಡೆಯ ಸ್ವಿಚ್ಚು ಒತ್ತಿದಳು, ಗೋಡೆಯಾಚೆ ಹಿತ್ತಲಲ್ಲಿ ಫ್ಯಾನು ಗುಂಯ್ಯೆಂದಿತು, ಚೀಲ ಉಬ್ಬಿದ ಸದ್ದು, ಜಾರುವ ಮೂರು ಮರದ ನಾಲಗೆಗಳಲ್ಲಿ ಎರಡನ್ನು ದೂಡಿ ಮುಚ್ಚಿದಳು, ಒಂದನ್ನು ಎಳೆದಳು, ಗರಗಸದ ಕಡೆಯ ಪೈಪು ಊ ಎಂದಿತು, ಬೆಳಗ್ಗೆ ಗಾಡಿಯಲ್ಲಿ ಕೇಳಿದ್ದೇ ಊ, ಗರಗಸ ಹಾಕಿ ಹಲಗೆ ದೂಡಿದಳು, ಉದ್ದಕ್ಕೆ, ನಿಲ್ಲಿಸದೆ, ಯಾವಾಗಲೂ ಮುಖಕ್ಕೆ ಹಾರುವ ಹೊಟ್ಟು ಹಾರಲಿಲ್ಲ, ಕಣ್ಣು ತಾನಾಗಿಯೇ ಕಿರಿದಾಯಿತು ಅಭ್ಯಾಸಕ್ಕೆ, ಕಿರಿದಾಗಬೇಕಾಗಿರಲಿಲ್ಲ, ಪೈಪಿನೊಳಗೆ ಸರ್ರೆಂದು ಏನೋ ಓಡಿಹೋಗುವ ಸದ್ದು, ಓರೆ ಕವಲಿನಲ್ಲಿ ಎಡವದೆ, ತಿರುವಿನಲ್ಲಿ ನಿಲ್ಲದೆ, ಗೋಡೆ ದಾಟಿ ಆಚೆಗೆ, ಇನ್ನೊಂದು ಹಲಗೆ, ಆಮೇಲೆ ರಂದದ ಮೆಷಿನ್ನು, ಅದರ ನಾಲಗೆ ಎಳೆದು ಇದರದ್ದು ದೂಡಿ, ಸುರುಳಿಗಳು ನೆಲಕ್ಕೆ ಬೀಳುವ ಮೊದಲೇ ಮಾಯ, ಆಮೇಲೆ ಉಜ್ಜುವ ಮೆಷಿನ್ನು, ಅದೇ ಎಲ್ಲಕ್ಕಿಂತ ಕೆಟ್ಟದ್ದು, ಹಿಟ್ಟಿನಂಥ ಧೂಳು, ಅಪ್ಪನ ಎದೆಯ ಫೋಟೋದಲ್ಲಿ ಇದ್ದದ್ದು ಅದೇ.

ಬಾಗಿಲಲ್ಲಿ ಅಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಮೂಗಿಗೆ ಅಮ್ಮ ಬಿಚ್ಚಿಟ್ಟ ಬಟ್ಟೆಯನ್ನೇ ಕಟ್ಟಿಕೊಂಡಿದ್ದಾನೆ, ಕೈಯಲ್ಲಿ ಚೂಪು ಮಾಡಿದ ಕಡ್ಡಿ, ಒಂದು ಕಾಲು ಹೊಸ್ತಿಲ ಆಚೆ, ತಡೆಯಲು ಮುಂದೆ ಬಂದ ಅಮ್ಮ ಪಕ್ಕಕ್ಕೆ ಸರಿದಳು, ಅವನು ಇನ್ನೊಂದು ಕಾಲನ್ನೂ ಒಳಗಿಟ್ಟ, ಮರದ ನಾಲಗೆಯೊಂದರ ಹತ್ತಿರ ಹೋಗಿ ಎಳೆದ, ದೂಡಿದ, ಅಂಚಿಗೆ ಹೆಬ್ಬೆರಳು ಸವರಿದ, ಮೇಣ ಹಾಕಿದ್ದೀಯಾ, ಹೂಂ, ಎಷ್ಟು ಬಂತು ದಪ್ಪ, ಎರಡಿಂಚು. ನಂದೇ ಎರಡಿಂಚಾ. ನಿಂದೇ. ಮಗಳ ಮದುವೆ ಆದ್ರೂ ಆ ಟೇಪು ಬದಲಾಯಿಸಲ್ಲ ನಾನು, ಎಂದು ಅವನು ಅಮ್ಮನ ಕಡೆ ತಿರುಗಿದ, ಅಮ್ಮ ಮುಖ ಬೇರೆ ಕಡೆ ಮಾಡಿದಳು. ಮೆಷಿನ್ ಕೊಳ್ಳುವವನು ಟಾರ್ಚನ್ನು ಜೇಬಿಗೆ ಹಾಕಿಕೊಂಡು, ಏನಕ್ಕಾ, ಮಾತಾಡೋಣ್ವಾ, ಸಂಜೆ ಗಾಡಿ ತರ್ತೀನಿ ಎಂದ. ಅವಳು ಫ್ಯಾನು ನಿಲ್ಲಿಸಿದಳು. ಗುಂಯ್ ಎನ್ನುವುದು ಇಳಿಯುತ್ತ ಇಳಿಯುತ್ತ ನಿಂತಿತು. ಅಮ್ಮ ಕೋಣೆಯನ್ನೊಮ್ಮೆ ನೋಡಿದಳು, ಮೂಲೆಯ ನೀರಿನ ಮಡಕೆಯ ಮುಚ್ಚಳ ನೋಡಿದಳು, ದಿನಾ ಸಂಜೆ ಅವಳು ಬೆರಳಿನಲ್ಲಿ ಧೂಳು ಒರೆಸುವ ಮುಚ್ಚಳ, ಬೆರಳೆಳೆದು ಬೆರಳನ್ನು ತಿರುಗಿಸಿ ನೋಡಿಕೊಂಡಳು, ಏನೂ ಅಂಟಿರಲಿಲ್ಲ. ನೋಡೋಕೆ ಬಂದ್ರಲ್ಲ, ನೋಡಿದ್ರಲ್ಲ ಅಣ್ಣಾ, ಟೀ ಕುಡಿದು ಹೋಗಿ, ಎಂದಳು. ಅವನು ಮೂವರನ್ನೂ ನೋಡಿ, ಟೀ ಬೇಡ ಬಿಡಿ ಎಂದು ಹೊರಟ, ಚಪ್ಪಲಿಯ ಸದ್ದು, ಗೇಟಿನ ಸದ್ದು, ಡಾಕ್ಟರಿಗೆ ಹೇಳಬೇಕು, ಮತ್ತೊಂದು ಫೋಟೋ ತೆಗೆಸಬೇಕು, ಹಳೆಯದು ಹೋಗುವುದಿಲ್ಲ ಅಂದಿದ್ದಾರೆ, ಹೋಗದಿದ್ದರೆ ಬೇಡ, ಹೊಸದು ಸೇರಬಾರದು ಅಷ್ಟೆ, ಉಜ್ಜುವ ಕೆಲಸ ನಾನೇ ಮಾಡುತ್ತೇನೆ, ಅಪ್ಪ ಗೆರೆ ಹಾಕಿಕೊಟ್ಟರೆ ಸಾಕು, ಬೆಳಗ್ಗೆ ಎರಡು ಗಂಟೆ, ಸಂಜೆ ಒಂದು, ಹಿತ್ತಲ ಸತ್ತ ಹಾವನ್ನು ನಾಳೆ ಎತ್ತಿ ಬಿಸಾಕಬೇಕು, ಹೊಸ ಟೇಪು — ಟೇಪು ಬೇಡ, ಆ ಅಂಗಡಿಯವನಿಗೆ ಹೋಗಿ ಹೇಳಬೇಕು ಕಕ್ಕಸು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ, ಹೇಳುತ್ತೇನೆ, ನಾನೇ ಹೇಳುತ್ತೇನೆ, ಈಗ ಎಷ್ಟು ಗಂಟೆ, ನಾಲ್ಕಾಗಿರಬೇಕು, ಅವಳು ಅಭ್ಯಾಸಬಲದಿಂದ ಕೋಲಿಗಾಗಿ ನೋಡಿದಳು, ಮೇಲೆ ತಗಡಿನಲ್ಲಿ ತೂತು ಇದೆ, ಉರಿಯುತ್ತಿದೆ, ಕೆಳಗೆ ಮೇಜಿನ ಕಾಲಿನ ಮೇಲೆ ಬೆಳಕಿನ ದುಂಡು ಬಿಲ್ಲೆ ಇದೆ, ಮುಟ್ಟಿಯಾಗಿದೆ, ಟೀ ಹೊತ್ತು, ಮೇಲೂ ಇದೆ, ಕೆಳಗೂ ಇದೆ, ನಡುವೆ — ಅಪ್ಪನೂ ಅದನ್ನೇ ನೋಡುತ್ತಿದ್ದಾನೆ, ಕಡ್ಡಿ ಕೈಯಿಂದ ಬಿತ್ತು, ಅವನು ಎರಡು ಹೆಜ್ಜೆ ಇಟ್ಟು, ಇಪ್ಪತ್ತು ವರ್ಷದಿಂದ ಕೋಲು ಇರುತ್ತಿದ್ದ ಜಾಗಕ್ಕೆ, ಕತ್ತಲಲ್ಲಿ ಗೋಡೆ ತಡವುವವನ ಹಾಗೆ, ಕೈ ಚಾಚಿದ. ಗಾಳಿಯಲ್ಲಿ ಕುದಿಯಲು ಧೂಳಿರಲಿಲ್ಲ. ಅಂಗೈಯ ನಡುವೆ ಬೆಳಕಿನ ಬಿಲ್ಲೆ ಬಂದು ಕೂತಿತು. ಅಪ್ಪ ಕೈ ಹಿಂದೆಗೆದ, ಅದು ಮೇಜಿನ ಕಾಲಿಗೆ ಹೋಯಿತು. ಮತ್ತೆ ಚಾಚಿದ. ಬಂತು.

ಕೋಲಿಲ್ಲ. ಅಂಗೈಯಲ್ಲಿ ಬೆಳಕು.